ಮೈಕೈ ನೋವಿನ ಜೊತೆ ಏದುಸಿರು

ಕೇಳುಗರೆಲ್ಲರಿಗೂ ನಮಸ್ಕಾರ.

"ಡಾಕ್ಟ್ರೇ, ಉಸಿರು ಪೂರ್ತಿ ಒಳಗೆ ಹೋಗೋದೇ ಇಲ್ಲ. ಎಕ್ಸ್‌ರೇ, ಇಸಿಜಿ ಎಲ್ಲ ನಾರ್ಮಲ್ ಅಂತಾರೆ." ವರ್ಷಗಟ್ಟಲೆ ಮೈಕೈ ನೋವು ಅನುಭವಿಸಿದ ಹೆಣ್ಣುಮಕ್ಕಳು ಹೀಗೆ ಹೇಳುವುದುಂಟು. ಇವರಲ್ಲಿ ಕೆಲವರಿಗಿರುವುದು ಫೈಬ್ರೊಮಯಾಲ್ಜಿಯಾ. ಮೈತುಂಬ ನೋವು, ರಾತ್ರಿಯಿಡೀ ಮಲಗಿದರೂ ಬಿಡದ ಸುಸ್ತು, ಮರೆವು ಇದರ ಲಕ್ಷಣಗಳು. ಉಸಿರಿನ ವಿಷಯ ಎತ್ತುವವರು ಕಡಿಮೆ. ಆದರೆ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ ಈ ಕಾಯಿಲೆಯನ್ನು ಗುರುತಿಸಲು 2010ರಲ್ಲಿ ಹೊರತಂದ ಮಾನದಂಡದ ಲಕ್ಷಣಗಳ ಪಟ್ಟಿಯಲ್ಲಿ ಏದುಸಿರೂ ಸೇರಿದೆ.

ಇಂಥವರ ಪಕ್ಕೆಲುಬು ಎದೆಮೂಳೆಗೆ ಕೂಡುವ ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೂ ಹಲವರು ಮುಖ ಕಿವುಚುತ್ತಾರೆ. ಆಳವಾಗಿ ಉಸಿರೆಳೆದಾಗಲೂ ಅಲ್ಲೇ ನೋವು. ಹಾಗಾಗಿ ಗೊತ್ತಿಲ್ಲದೆಯೇ ಚಿಕ್ಕಚಿಕ್ಕ ಉಸಿರಿಗೆ ಇಳಿಯುತ್ತಾರೆ. ಬೇಗಬೇಗ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತಗ್ಗುತ್ತದೆ. ತಲೆ ತಿರುಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ, ಗಾಳಿ ಸಾಲದೆನಿಸುತ್ತದೆ. ನೋವಿಗೆ ಹೆದರಿ ಓಡಾಟ ಬಿಟ್ಟವರಿಗೆ ನಾಲ್ಕು ಮೆಟ್ಟಿಲು ಹತ್ತುವುದೂ ಕಷ್ಟ.

ನನಗೆ ಆತಂಕವಿರುವುದು ಇನ್ನೊಂದು ಕಡೆ. ಫೈಬ್ರೊಮಯಾಲ್ಜಿಯಾ ಎಂದು ಚೀಟಿಯಲ್ಲಿ ಬರೆದ ಮೇಲೆ ಬೇರೆ ಕಾರಣ ಹುಡುಕುವುದೇ ನಿಂತುಹೋಗಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಸುಸ್ತು, ಏದುಸಿರು ಎರಡೂ ಅದರಿಂದಲೇ ಬಂದಿರಬಹುದು. ಮೊದಲು ಹಿಮೋಗ್ಲೋಬಿನ್ ಮಾಡಿಸಿ. ಥೈರಾಯ್ಡ್, ಅಸ್ತಮಾ, ಹೃದಯ, ಕ್ಷಯ ಇವನ್ನೂ ನೋಡಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆನೋವು ತೋಳಿಗೆ ಹರಿದರೆ, ಕೆಮ್ಮಿದಾಗ ರಕ್ತ ಬಂದರೆ, ಒಂದೇ ಕಾಲು ಊದಿಕೊಂಡು ಏದುಸಿರು ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಎಲ್ಲ ತಪಾಸಣೆಯೂ ಸರಿ ಬಂತೆನ್ನಿ. ಆಗ "ಏನೂ ಇಲ್ಲ, ಎಲ್ಲ ನಿನ್ನ ಮನಸ್ಸಿನ ಭ್ರಮೆ" ಎಂದು ಮನೆಯವರು ದಯವಿಟ್ಟು ಹೇಳಬೇಡಿ. ಅವರ ನೋವು ನಿಜ, ಉಸಿರಿನ ಕಷ್ಟವೂ ನಿಜ. ಈ ಕಾಯಿಲೆಗೆ ಹೆಚ್ಚು ಪುರಾವೆಯಿರುವ ಚಿಕಿತ್ಸೆ ಎಂದರೆ ನಿಧಾನವಾಗಿ ಹೆಚ್ಚಿಸುತ್ತ ಹೋಗುವ ವ್ಯಾಯಾಮ. ಐದು ನಿಮಿಷದ ನಡಿಗೆಯಿಂದ ಶುರುಮಾಡಿದರೂ ಸಾಕು. ನೋವು ಕೆರಳಿದ ವಾರ ಹೆಚ್ಚಿಸುವುದು ಬೇಡ. ಭುಜ ಸಡಿಲಬಿಟ್ಟು, ಮೂಗಿನಿಂದ ಉಸಿರೆಳೆದು, ಎಳೆದುದಕ್ಕಿಂತ ನಿಧಾನವಾಗಿ ಹೊರಬಿಡುವುದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯಿರಿ.

ಮಾತ್ರೆಗಳ ಬಗ್ಗೆ ಒಂದು ಮಾತು. ಈ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಕೆಲವರಲ್ಲಿ ಉಸಿರಾಟವನ್ನು ಕುಗ್ಗಿಸಬಹುದು. ಶ್ವಾಸಕೋಶದ ಕಾಯಿಲೆಯಿದ್ದವರಿಗೆ, ವಯಸ್ಸಾದವರಿಗೆ, ನಿದ್ರೆ ಮಾತ್ರೆ ನುಂಗುವವರಿಗೆ ಅಪಾಯ ಹೆಚ್ಚು. ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ.

ನಮಸ್ಕಾರ.