ಪದ್ಮಶ್ರೀ ಬೋಪಣ್ಣ ಅವರಿಗೆ ಬಂತು, ಅವರ ಮಂಡಿಗೆ ಯಾರು ಕೊಡ್ತಾರೆ?

ನಮಸ್ಕಾರ, ನಮಸ್ಕಾರ. ಇವತ್ತು ಪೀಠಿಕೆ ಗೀಠಿಕೆ ಏನಿಲ್ಲ, ಸೀದಾ ವಿಷಯ. ಯಾಕಂದ್ರೆ ತಲೆ ಕೆಟ್ಟಿದೆ. ಹೋದ ವಾರದ ವಿಡಿಯೋ ಕೆಳಗೆ ಒಬ್ಬ ಮಹಾನುಭಾವರು ನಮ್ಮ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಬಗ್ಗೆ ಕಾಮೆಂಟ್ ಹಾಕಿದ್ದಾರೆ. ಓದ್ತೀನಿ, ಕೇಳಿ: "ಡಬಲ್ಸ್ ಅಂದ್ರೆ ಅರ್ಧ ಕೋರ್ಟ್ ಆಟ ಗುರು, 43 ಏನು 53ಕ್ಕೂ ಆಡಬಹುದು. ಬೋಪಣ್ಣಂದು ಬರೀ ಛಲ." ಅದಕ್ಕೆ ಲೈಕ್ ಬೇರೆ ಸುರಿದಿದ್ದೀರಿ. ನಮ್ಮ ವಿಡಿಯೋಗೆ ಒಂದು ಲೈಕ್ ಒತ್ತೋಕೆ ನಿಮ್ಮ ಹೆಬ್ಬೆರಳಿಗೆ ಸುಸ್ತು, ಇದಕ್ಕೆ ಮಾತ್ರ ಎಲ್ಲಿಂದ ಬಂತು ಶಕ್ತಿ?

ಸರಿ, ಛಲ. ಛಲ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ನಮ್ಮೂರಲ್ಲಿ ವಯಸ್ಸಾದ ಆಟಗಾರ ಗೆದ್ದ ಕೂಡಲೇ ಒಂದೇ ರೆಕಾರ್ಡ್ ಹಾಕ್ತೀವಿ: ಛಲ, ಕೆಚ್ಚು, ವಯಸ್ಸು ಬರೀ ನಂಬರ್. ವಯಸ್ಸು ನಂಬರ್ ಅಲ್ಲ ಸ್ವಾಮಿ, ವಯಸ್ಸು ಅಂದ್ರೆ ಮಂಡಿ. ಇವತ್ತಿನ ಇಡೀ ವಿಡಿಯೋ ಇಷ್ಟೇ: ಬೋಪಣ್ಣ ಮಂಡಿ ಉಳಿಸ್ಕೊಂಡ್ರು, ಅದಕ್ಕೇ ಆಟ ಉಳೀತು. ಇಷ್ಟು ಸಾಕು ಅನ್ನೋರು ಸಬ್‌ಸ್ಕ್ರೈಬ್ ಮಾಡಿ ಹೊರಡಬಹುದು. ಉಳಿದವರು ಕೂತ್ಕೊಳ್ಳಿ.

ಮೊದಲು ಗೊತ್ತಿಲ್ಲದವರಿಗೆ ಬೇಗ ಬೇಗ. ರೋಹನ್ ಬೋಪಣ್ಣ, ನಮ್ಮ ಕೊಡಗಿನವರು, ಹುಟ್ಟಿದ್ದು 1980ರ ಮಾರ್ಚ್ 4. ಸಿಂಗಲ್ಸ್‌ನಲ್ಲಿ ಅವರ ಅತ್ಯುತ್ತಮ ರ‍್ಯಾಂಕ್ 213. 2024ರ ಜನವರಿ 27, ಮೆಲ್ಬರ್ನ್, ರಾಡ್ ಲೇವರ್ ಅರೀನಾ. ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜತೆ ಇಟಲಿಯ ಬೊಲೆಲ್ಲಿ-ವವಸ್ಸೋರಿ ಜೋಡಿನ 7-6, 7-5ರಿಂದ ಸೋಲಿಸಿ ಮೊದಲ ಪುರುಷರ ಡಬಲ್ಸ್ ಗ್ರ್ಯಾಂಡ್‌ಸ್ಲಾಮ್, ಅಂದ್ರೆ ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಲ್ಲೊಂದು. ಮೊದಲ ಸೆಟ್ 6-6 ಆದ್ಮೇಲೆ ಆಡಿದ ಟೈಬ್ರೇಕ್ 7-0. ಎರಡೇ ದಿನಕ್ಕೆ ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್. ವಯಸ್ಸು 43. ಅದಕ್ಕೂ ಮುಂಚೆ ಮೊದಲ ಸಲ ನಂಬರ್ ಒನ್ ಆದವರಲ್ಲಿ ಹಿರಿಯರು ಅಮೆರಿಕದ ರಾಜೀವ್ ರಾಮ್, ಆಗ ಅವರಿಗೆ 38. ಒಂದೆರಡು ವರ್ಷದ ಅಂತರ ಅಲ್ಲ ಇದು, ಐದು ವರ್ಷ! ಪದ್ಮಶ್ರೀ ಘೋಷಣೆ ಆಗಿದ್ದೂ ಅದೇ ವಾರ.

ಈಗ ಅರ್ಧ ಕೋರ್ಟ್ ಪಂಡಿತರಿಗೆ ಬರೋಣ. ಟೇಪ್ ಹಿಡೀರಿ. ಸಿಂಗಲ್ಸ್ ಕೋರ್ಟ್ ಅಗಲ 27 ಅಡಿ, ಡಬಲ್ಸ್ 36 ಅಡಿ. ಇಬ್ಬರಿಗೆ ಹಂಚಿದ್ರೆ ತಲೆಗೆ 18. 27ರ ಅರ್ಧ ಹದಿಮೂರುವರೆ. ಅಂದ್ರೆ ಕಮ್ಮಿ ಆಗೋದು ಮೂರನೇ ಒಂದು ಭಾಗ, ಅರ್ಧ ಅಲ್ಲ. ಕಾಮೆಂಟ್ ಹಾಕೋ ಮುಂಚೆ ಭಾಗಾಕಾರ ಮಾಡ್ರಪ್ಪ.

ಡಬಲ್ಸ್‌ನಲ್ಲಿ ಶ್ರಮ ನಿಜವಾಗಿ ಉಳಿಯೋದು ಬೇರೆ ಕಡೆ. ಸಿಂಗಲ್ಸ್‌ನಲ್ಲಿ ಎರಡು ಗೇಮಿಗೊಂದು ಸಲ ನಿಮ್ಮ ಸರ್ವ್, ಡಬಲ್ಸ್‌ನಲ್ಲಿ ನಾಲ್ಕು ಗೇಮಿಗೊಂದು ಸಲ. ರಿಟರ್ನ್ ಕೂಡ ಪಾರ್ಟ್‌ನರ್ ಜತೆ ಒಂದು ಬಿಟ್ಟು ಒಂದು. ಗ್ರ್ಯಾಂಡ್‌ಸ್ಲಾಮ್ ಪುರುಷರ ಸಿಂಗಲ್ಸ್ ಗೆಲ್ಲೋಕೆ ಏಳು ಮ್ಯಾಚ್, ಒಂದೊಂದೂ ಐದು ಸೆಟ್‌ವರೆಗೆ ಎಳೀಬಹುದು. ಡಬಲ್ಸ್‌ಗೆ ಆರು, ಮೂರು ಸೆಟ್ ಮೀರಲ್ಲ. ಉಳಿದ ಎಟಿಪಿ, ಅಂದ್ರೆ ಪುರುಷರ ವೃತ್ತಿಪರ ಟೆನಿಸ್ ಸಂಘದ ಟೂರ್ನಿಗಳಲ್ಲಿ ಇನ್ನೂ ಮೊಟಕು: 40-40 ಆದ್ರೆ ಎರಡು ಪಾಯಿಂಟ್ ಮುಂದೆ ಹೋಗೋ ಅಡ್ವಾಂಟೇಜ್ ಆಟ ಇಲ್ಲ, ಒಂದೇ ಪಾಯಿಂಟ್, ಯಾವ ಕಡೆಯಿಂದ ರಿಟರ್ನ್ ಅನ್ನೋದು ರಿಟರ್ನ್ ಮಾಡೋರ ಆಯ್ಕೆ. ಮೂರನೇ ಸೆಟ್ ಬದಲು 10 ಪಾಯಿಂಟಿನ ಟೈಬ್ರೇಕ್.

"ನೋಡಿದ್ರಾ, ಸುಲಭ ಅಂತ ನೀವೇ ಒಪ್ಕೊಂಡ್ರಿ" ಅಂತೀರಾ? ಹಾಗಾದ್ರೆ ಆ ಸುಲಭದ ಆಟದಲ್ಲಿ ಒಂದು ಪುರುಷರ ಡಬಲ್ಸ್ ಸ್ಲಾಮ್ ಗೆಲ್ಲೋಕೆ ಬೋಪಣ್ಣಂಗೆ 61 ಸ್ಲಾಮ್, 19 ಜನ ಪಾರ್ಟ್‌ನರ್ ಯಾಕೆ ಬೇಕಾಯ್ತು? 2010ರಲ್ಲಿ ಐಸಾಮ್ ಖುರೇಷಿ ಜತೆ ಯುಎಸ್ ಓಪನ್ ಫೈನಲ್, ಬ್ರಯಾನ್ ಸೋದರರ ಕೈಲಿ ಸೋಲು. 2023ರಲ್ಲಿ ಎಬ್ಡೆನ್ ಜತೆ ಅಲ್ಲೇ ಮತ್ತೆ ಫೈನಲ್, ಮತ್ತೆ ಸೋಲು. ಎರಡು ಫೈನಲ್ ಮಧ್ಯೆ 13 ವರ್ಷ. ಆ 13 ವರ್ಷ ಛಲ ಕಾಯುತ್ತೆ, ಒಪ್ತೀನಿ. ಮಂಡಿ ಕಾಯುತ್ತಾ? ಛಲ ಇದ್ದು ಮಂಡಿ ಹೋದೋರು ಎಷ್ಟು ಜನ ಇಲ್ಲ ನಮ್ಮಲ್ಲಿ. ಅವರ‍್ಯಾರೂ ನಿಮಗೆ ಗೊತ್ತಿಲ್ಲ, ಯಾಕಂದ್ರೆ ಮಂಡಿ ಹೋಯ್ತು!

ಮಂಡಿ ಹೇಗೆ ಹೋಗುತ್ತೆ ಅಂತ ಒಂಚೂರು ಹೇಳ್ತೀನಿ. ಇದು ನಿಮ್ಮ ಅಪಾರ್ಟ್‌ಮೆಂಟ್ ಟೆನಿಸ್‌ಗೂ ಆಗುತ್ತೆ. ಮಂಡಿ ಒಳಗೆ ಮೂಳೆ ತುದಿಗೆ ಕಾರ್ಟಿಲೇಜ್ ಅಂತ ಜಾರುವ ಪದರ ಇರುತ್ತೆ. ಅದಕ್ಕೆ ರಕ್ತನಾಳ ಇಲ್ಲ, ಹಾಗಾಗಿ ಸವೆದ್ರೆ ಮತ್ತೆ ಸರಿಯಾಗಿ ಬೆಳೆಯಲ್ಲ. ಟೆನಿಸ್‌ನಲ್ಲಿ ಜನ ಅಂದ್ಕೊಳ್ಳೋದು ಓಡಿ ಓಡಿ ಸವೆಯುತ್ತೆ ಅಂತ. ಓಡೋದಕ್ಕಿಂತ ಹೆಚ್ಚು ಹೊಡೆತ ನಿಲ್ಲೋದ್ರಲ್ಲಿದೆ. ಸೈಡ್‌ಲೈನ್ ಹತ್ರದ ಬಾಲಿಗೆ ನುಗ್ತೀರಿ, ಹೊರಗಿನ ಕಾಲು ಊರ್ತೀರಿ, ಅದೇ ಕಾಲಿನ ಮೇಲೆ ಮೈಭಾರ ಎಲ್ಲ ತಡೆದು, ತಿರುಗಿ, ನಡುವಿಗೆ ವಾಪಸ್. ಸಂಪಾಜೆ ಘಾಟಿ ಇಳಿಯುವಾಗ ಗೇರ್ ಇಳಿಸದೆ ಬರೀ ಬ್ರೇಕ್ ತುಳಿಯೋ ಡ್ರೈವರ್ ಇರ್ತಾನಲ್ಲ, ಕೆಳಗೆ ಮುಟ್ಟೋ ಹೊತ್ತಿಗೆ ಲೈನರ್ ಸುಟ್ಟ ವಾಸನೆ, ಅದೇ ಕಥೆ. ಮಣ್ಣಿನ ಕೋರ್ಟಲ್ಲಾದ್ರೆ ಜಾರಿ ನಿಲ್ಲಬಹುದು. ಹಾರ್ಡ್ ಕೋರ್ಟಲ್ಲಿ ಶೂ ಕಚ್ಕೊಳ್ಳುತ್ತೆ, ಏಟೆಲ್ಲ ಮಂಡಿಗೆ. ಅದಕ್ಕೇ ಜಾಗಿಂಗ್ ಶೂ ಹಾಕ್ಕೊಂಡು ಟೆನಿಸ್ ಆಡಬೇಡಿ. ಅದರ ಹಿಮ್ಮಡಿ ಎತ್ತರ, ಮೆತ್ತಗೆ, ಮುಂದಕ್ಕೆ ಓಡೋಕೆ ಅಂತ ಮಾಡಿರೋದು. ಪಕ್ಕಕ್ಕೆ ಕಾಲು ಹಾಕಿದ ಕೂಡಲೇ ಮಡಚುತ್ತೆ. ಈ ಸಲಹೆ ಫ್ರೀ. ಮೆಂಬರ್‌ಶಿಪ್ ತಗೊಂಡ್ರೆ ಇನ್ನೂ ಸಿಗುತ್ತೆ, ಲಿಂಕ್ ಕೆಳಗಿದೆ. ಹೇಳ್ಬಿಟ್ಟೆ, ಮುಂದೆ ಹೋಗೋಣ.

ಬೋಪಣ್ಣಂಗೆ ಇದು ಆಗಿ ಹೋಗಿತ್ತು. ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ: ಮಂಡಿಯಲ್ಲಿ ಕಾರ್ಟಿಲೇಜ್ ಉಳಿದಿಲ್ಲ, ದಿನಕ್ಕೆ ಎರಡು ಮೂರು ಪೇನ್‌ಕಿಲ್ಲರ್ ನುಂಗಿ ಆಡ್ತಿದ್ದೆ ಅಂತ. ನಿಮ್ಮ ಛಲ ಅಂದ್ರೆ ಅದೇ ನೋಡಿ, ಮಾತ್ರೆ ನುಂಗಿ ಆಡೋದು. ಮಾತ್ರೆ ನೋವನ್ನ ಮುಚ್ಚುತ್ತೆ, ಸವೆತ ಮುಂದುವರಿಯುತ್ತೆ. ಛಲದಲ್ಲೇ ಇದ್ದಿದ್ರೆ 43ರಲ್ಲಿ ಅವರು ಕಪ್ ಎತ್ತುತ್ತಿರಲಿಲ್ಲ, ಮೆಟ್ಟಿಲು ಹತ್ತೋಕೆ ರೈಲಿಂಗ್ ಹಿಡೀತಿದ್ರು.

ಬದಲಾಗಿದ್ದು ಅಯ್ಯಂಗಾರ್ ಯೋಗದಿಂದ ಅಂತ ಅವರೇ ಹೇಳ್ತಾರೆ. ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನವರು ಅನ್ನೋದು ನೆನಪಿರಲಿ. ಪುಣೆಯೋರು ಅಂದ್ಕೊಂಡಿದ್ದೋರು ಈಗ ತಿದ್ಕೊಳ್ಳಿ. ಈ ಪದ್ಧತೀಲಿ ಬೆಲ್ಟು, ಮರದ ಇಟ್ಟಿಗೆ, ಕುರ್ಚಿ, ಗೋಡೆ ಹಗ್ಗ ಎಲ್ಲ ಬಳಸ್ತಾರೆ. ಮೈ ಬಗ್ಗಲ್ಲ ಅಂದ್ರೆ ಒತ್ತಿ ಬಗ್ಗಿಸೋದಿಲ್ಲ, ಆಧಾರ ಕೊಟ್ಟು ಹೊತ್ತುಗಟ್ಟಲೆ ಅದೇ ಭಂಗೀಲಿ ಇಡ್ತಾರೆ. ಮಂಡಿಗೆ ಏನು ಲಾಭ ಅಂತೀರಾ? ತಾಡಾಸನ ತಗೊಳ್ಳಿ. ನೋಡೋರಿಗೆ ಸುಮ್ನೆ ನಿಂತಂಗೆ. ಆದ್ರೆ ತೊಡೆ ಮುಂಭಾಗ ಬಿಗಿದು ಮಂಡಿಚಿಪ್ಪು ಮೇಲಕ್ಕೆ ಎಳೀಬೇಕು, ಆಗ ಭಾರ ಸ್ನಾಯು ಹೊರುತ್ತೆ. ಸುಪ್ತ ಪಾದಾಂಗುಷ್ಠಾಸನದಲ್ಲಿ ಅಂಗಾತ ಮಲಗಿ, ಪಾದಕ್ಕೆ ಬೆಲ್ಟ್ ಸಿಕ್ಕಿಸಿ ಕಾಲು ಮೇಲೆತ್ತೋದು, ತೊಡೆ ಹಿಂಭಾಗ ಸಡಿಲ ಆಗೋಕೆ. ವೀರಾಸನಕ್ಕೆ ಕೂರೋಕಾಗದವರಿಗೆ ಕುಂಡೆ ಕೆಳಗೆ ಇಟ್ಟಿಗೆ, ಮಂಡಿಯ ಹಿಂದಿನ ಮಡಿಕೆಗೆ ಸುತ್ತಿದ ಬಟ್ಟೆ. ಒಳಗೆ ಒಂಚೂರು ಜಾಗ ಆಗಲಿ ಅಂತ. ಹೋದ ಕಾರ್ಟಿಲೇಜ್ ಇದ್ರಿಂದ ವಾಪಸ್ ಬರಲ್ಲ, ಯಾರಾದ್ರೂ ಬರುತ್ತೆ ಅಂದ್ರೆ ಎಣ್ಣೆ ಮಾರೋಕೆ ಬಂದಿದ್ದಾರೆ ಅಂತ ಅರ್ಥ. ಮಂಡಿ ಹೊರ್ತಿದ್ದ ಭಾರವನ್ನ ತೊಡೆ, ಸೊಂಟ ಹೊರೋಕೆ ಶುರು ಮಾಡ್ತವೆ. ಅಷ್ಟೇ. ಮಂಡಿ ಉಳೀತು, ಆಟ ಉಳೀತು. ಎರಡನೇ ಸಲ ಹೇಳ್ತಿದ್ದೀನಿ.

ಇನ್ನು ಆಟದೊಳಗೆ. ನೆಟ್ ಕಂಬದ ಹತ್ರ ಮೂರುವರೆ ಅಡಿ, ನಡುವಿನ ಪಟ್ಟಿ ಹತ್ರ ಮೂರಡಿ. ನಡುಗೆರೆಗೆ, ಅಂದ್ರೆ ಟೀ ಕಡೆಗೆ, ಜೋರಾಗಿ ಸರ್ವ್ ಹೊಡೆದ್ರೆ ಬಾಲು ನೆಟ್ಟಿನ ತಗ್ಗಾದ ಜಾಗದ ಮೇಲೆ ಹೋಗುತ್ತೆ, ಎದುರಾಳಿಗೆ ಕೋನ ಸಿಗಲ್ಲ, ಬಾಲು ನಡುವಿಗೇ ವಾಪಸ್ ಬರುತ್ತೆ. ನೆಟ್ಟಲ್ಲಿರೋ ಪಾರ್ಟ್‌ನರ್ ಎರಡು ಹೆಜ್ಜೆ ಅಡ್ಡ ಬಂದು, ಬಾಲು ನೆಲ ಮುಟ್ಟೋ ಮುಂಚೆನೇ ವಾಲಿ ಹೊಡೀತಾರೆ, ಪಾಯಿಂಟ್ ಮುಗೀತು. ಸರ್ವ್ ಹೊಡೆದವರ ಮಂಡಿ ಎಷ್ಟು ಕೆಲಸ ಮಾಡ್ತು? ಒಂದು ಸಲ ಬಗ್ಗಿ ಎದ್ದಿದ್ದು, ಮುಂಗಾಲಿನ ಮೇಲೆ ಇಳಿದಿದ್ದು. ಮುಗೀತು! ಬೋಪಣ್ಣ ಅವರ ಭಾರೀ ಸರ್ವ್ ಯಾಕೆ 43ರಲ್ಲೂ ಕೆಲಸಕ್ಕೆ ಬಂತು ಅಂತ ಈಗ ಗೊತ್ತಾಯ್ತಾ? ಎದುರಿಗಿನವರ ಸರ್ವ್ ಮೇಲೂ ಅದೇ ನೀತಿ: ರಿಟರ್ನ್ ಒಂದೇ ಏಟಿಗೆ ನುಗ್ಗಿಸು, ಇಲ್ಲಾಂದ್ರೆ ಮುಂದೆ ಓಡಿ ಬರ್ತಿರೋ ಸರ್ವರ್ ಕಾಲ ಬುಡಕ್ಕೆ ಇಳಿಸು. ರ‍್ಯಾಲಿ ಎಳೀಬಾರದು, ಎಳೆದ್ರೆ ಮಂಡಿ ಬಿಲ್ ಕಟ್ಟುತ್ತೆ.

ಡಬಲ್ಸ್‌ನಲ್ಲೂ ಮಂಡಿ ತಿನ್ನೋ ಜಾಗ ಇದೆ, ಅದನ್ನ ಯಾರೂ ಹೇಳಲ್ಲ. ಐ ಫಾರ್ಮೇಷನ್ ಅಂತ: ನೆಟ್ ಆಟಗಾರ ನಡುಗೆರೆ ಮೇಲೆ ನೆಟ್ಟಿಗಿಂತ ತಗ್ಗಿ ಕುಕ್ಕರಗಾಲಲ್ಲಿ ಕೂತು, ಸರ್ವ್ ತಲೆ ಮೇಲೆ ಹೋದ ಕೂಡಲೇ ಎಡಕ್ಕೋ ಬಲಕ್ಕೋ ಚಿಮ್ಮಬೇಕು. ಕೂತಲ್ಲಿಂದ ಪಕ್ಕಕ್ಕೆ ಚಿಮ್ಮೋದು ಅಂದ್ರೆ ಸವೆದ ಮಂಡಿಗೆ ಶಿಕ್ಷೆ. ಪಾರ್ಟ್‌ನರ್ ಎಬ್ಡೆನ್ ಇವರಿಗಿಂತ ಏಳು ವರ್ಷ ಚಿಕ್ಕವರು, ನೆಟ್ಟಲ್ಲಿ ಪಾದರಸ. ಪಾರ್ಟ್‌ನರ್ ಆರಿಸೋದೂ ಮಂಡಿ ಚಿಕಿತ್ಸೆನೇ!

ಇನ್ನೊಬ್ರು ಬರೆದಿದ್ದಾರೆ, "ಅದು ಕೊಡಗಿನ ಗಾಳಿ, ಕೊಡವರ ರಕ್ತ" ಅಂತ. ಪಂದಿಕರಿ ಬಿಟ್ಟಿದ್ದೀರಲ್ಲ, ಅದನ್ನೂ ಸೇರಿಸಿ. ಗಾಳಿಯಿಂದ ಕಾರ್ಟಿಲೇಜ್ ಉಳಿಯೋದಾದ್ರೆ ಮಡಿಕೇರೀಲಿ ಮೂಳೆ ಡಾಕ್ಟ್ರು ಕಾಫಿ ಮಾರಬೇಕಿತ್ತು. ಮಗದೊಬ್ರು, "ಹುಡುಗರ ಜಾಗ ತಿಂದ್ರು" ಅಂತೆ. ಎಟಿಪಿ ರ‍್ಯಾಂಕಿಂಗ್ ಅಂದ್ರೆ ಬಸ್ ಸೀಟಿಗೆ ಕರ್ಚೀಫ್ ಹಾಕೋದಲ್ಲ ಕಣ್ರೀ, 52 ವಾರದ ಪಾಯಿಂಟ್ ಲೆಕ್ಕ. ಹೋದ ವರ್ಷ ಈ ವಾರ ಗಳಿಸಿದ್ದು ಈ ವರ್ಷ ಉದುರುತ್ತೆ, ಮತ್ತೆ ಗಳಿಸಬೇಕು. ಹುಡುಗರು ಗೆದ್ದು ತಗೊಳ್ಳಲಿ, ಯಾರು ಬೇಡ ಅಂದ್ರು?

ಬರೀ ಟೆನಿಸ್ ಅಲ್ಲ, ಎಲ್ಲ ಕಡೆ ಇದೇ. ಇಂಗ್ಲೆಂಡ್ ಬೌಲರ್ ಜೇಮ್ಸ್ ಆಂಡರ್ಸನ್ 2015ರಲ್ಲೇ ಒನ್‌ಡೇ ಕ್ರಿಕೆಟ್ ಆಡೋದು ನಿಂತಿತು, ಟೆಸ್ಟ್ ಮಾತ್ರ ಇಟ್ಕೊಂಡ್ರು, 41ನೇ ವಯಸ್ಸಲ್ಲಿ 704 ವಿಕೆಟ್‌ಗೆ ನಿಲ್ಲಿಸಿದ್ರು. ಧೋನಿ? 2023ರ ಐಪಿಎಲ್ ಮುಗಿದ ಮೇಲೆ ಎಡ ಮಂಡಿಗೆ ಆಪರೇಷನ್. ಮುಂದಿನ ಸೀಸನ್ ಪೂರ್ತಿ ಎದುರಿಸಿದ್ದು 73 ಬಾಲ್, ಹೊಡೆದಿದ್ದು 161 ರನ್. ಬ್ಯಾಟಿಂಗ್ ಕ್ರಮದಲ್ಲಿ ಕೆಳಗೆ ಬಂದು ಬೌಂಡರಿಯಲ್ಲೇ ವ್ಯವಹಾರ, ಎರಡೆರಡು ರನ್ ಓಡೋ ಮಾತೇ ಕಮ್ಮಿ. ಹತ್ತು ಓವರ್ ಓಡಿ ಆಡೋಕೆ ಅವರ ಮಂಡಿ ಬಿಡಲ್ಲ ಅಂತ ಕೋಚ್ ಫ್ಲೆಮಿಂಗ್ ಬಾಯಿಬಿಟ್ಟು ಹೇಳಿದ್ರು, ಆದ್ರೂ ನಮ್ಮೋರು "ತಲಾ ಯಾಕೆ ಮೇಲೆ ಬರಲ್ಲ" ಅಂತ ಅಳ್ತಾರೆ. ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ 40ರಲ್ಲಿ, 2024-25ರ ಐಎಸ್ಎಲ್‌ನಲ್ಲಿ 14 ಗೋಲ್. ಇಡೀ ಮೈದಾನ ಓಡಿ ಅಲ್ಲ, ಬಾಕ್ಸ್ ಒಳಗೆ ಸರಿಯಾದ ಜಾಗದಲ್ಲಿ ನಿಂತು. ಟೆನಿಸ್‌ನ ಮಾರ್ಟಿನಾ ನವ್ರಾಟಿಲೋವಾ 2006ರಲ್ಲಿ ಯುಎಸ್ ಓಪನ್ ಮಿಕ್ಸೆಡ್ ಡಬಲ್ಸ್ ಗೆದ್ದಾಗ 50 ತುಂಬೋಕೆ ಒಂದು ತಿಂಗಳಿತ್ತು. ಮಿಕ್ಸೆಡ್ ಡಬಲ್ಸ್ ರೀ! ಡಬಲ್ಸ್!

ಈಗ್ಲೂ "ಜೆನೆಟಿಕ್ಸ್" ಅಂತ ಯಾರೋ ಟೈಪ್ ಮಾಡ್ತಿದ್ದೀರಿ, ನಂಗೆ ಗೊತ್ತು. ಮಾಡಿ. ಮಂಡಿ ಅಂತ ಹೇಳಿದ್ದೀನಿ, ಮಂಡಿನೇ. "ಡಯಟ್ ಸಾರ್?" ಮಂಡಿ. "ಮನೋಬಲ ಸಾರ್?" ಅಯ್ಯೋ, ಮಂಡಿ ಕಣಯ್ಯಾ! "ಹಾಗಾದ್ರೆ ಕೊನೆಗೆ ಯಾಕೆ ನಿಲ್ಲಿಸಿದ್ರು?" 45 ಆಯ್ತು, ನಿಲ್ಲಿಸಿದ್ರು, ಇನ್ನೇನು ನೂರಕ್ಕೆ ಆಡಬೇಕಿತ್ತಾ? 2025ರ ನವೆಂಬರ್ 1ಕ್ಕೆ ವಿದಾಯ ಹೇಳಿದ್ರು, ರಾಜ್ಯೋತ್ಸವದ ದಿನ. ದಿನ ಆರಿಸೋದ್ರಲ್ಲೂ ನಮ್ಮವರೇ. ಇದಕ್ಕೂ ಮಂಡಿಗೂ ಸಂಬಂಧ ಇಲ್ಲ, ಹೇಳ್ಬೇಕು ಅನ್ನಿಸ್ತು.

ಏನೋ ಇನ್ನೊಂದು ಪಾಯಿಂಟ್ ಬರ್ಕೊಂಡಿದ್ದೆ, ಸ್ಕ್ರಿಪ್ಟಲ್ಲಿ ಕಾಫಿ ಚೆಲ್ಲಿದೆ, ಕಾಣ್ತಿಲ್ಲ. ಅದೂ ಮಂಡಿನೇ ಇರಬೇಕು ಬಿಡಿ. ಮಗ್ ಬೇಕಾದೋರು ಡಿಸ್ಕ್ರಿಪ್ಷನ್ ನೋಡಿ, ಬಿಳೀದು ಖಾಲಿ, ಕಪ್ಪು ಮಾತ್ರ ಇದೆ. ಮುಂದಿನ ವಾರ ಹನ್ನೆರಡು ವರ್ಷದ ಮಕ್ಕಳನ್ನ ದಿನಾ ಐದು ತಾಸು ಹಾರ್ಡ್ ಕೋರ್ಟಲ್ಲಿ ಓಡಿಸೋ ಅಪ್ಪ-ಅಮ್ಮಂದಿರ ಬಗ್ಗೆ. ಅವತ್ತು ಇನ್ನೂ ಜೋರಾಗಿ ಕೂಗ್ತೀನಿ, ವಾಲ್ಯೂಮ್ ಕಮ್ಮಿ ಇಟ್ಕೊಂಡು ಬನ್ನಿ.