ದಿಂಬಿನಿಂದ ಏಳದ ತಲೆ

ಗುರುಗಳೇ, ನಾಳೆಯಿಂದ ತುರ್ತು ಚಿಕಿತ್ಸಾ ಫೆಲೋಶಿಪ್‌ಗೆ ಸೇರಲಿರುವ ಗೆಳೆಯರೇ,

ಈ ಒಂದು ವರ್ಷದಲ್ಲಿ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಯಾವುದೆಂದರೆ, ಉಸಿರುನಾಳಕ್ಕೆ ಕೊಳವೆ ಹಾಕುವುದನ್ನು ನಾನು ಹೇಳುವುದಿಲ್ಲ. ‘ಸುಧಾರಿಸಿದ್ದಾರೆ’ ಎಂದು ಬರೆದಿಟ್ಟ ರೋಗಿಯ ಬಳಿಗೆ ಮತ್ತೊಮ್ಮೆ ಹೋಗುವುದನ್ನು ಹೇಳುತ್ತೇನೆ.

ಸಿಂಧನೂರು, ಮಾನ್ವಿ, ದೇವದುರ್ಗದ ಕಡೆಯಿಂದ 108ರಲ್ಲಿ ಬಂದವರು “ಎಣ್ಣಿ ಕುಡ್ದಾನ್ರಿ” ಎಂದರೆ ಅದು ಬೆಳೆಗೆ ಹೊಡೆಯುವ ಕೀಟನಾಶಕವೆಂದು ರಾಯಚೂರಿನ ಈ ಸಭೆಗೆ ವಿವರಿಸಬೇಕಿಲ್ಲ. ನಾನು ಸೇರಿದ ಎರಡನೆಯ ತಿಂಗಳಲ್ಲಿ ಅಂಥ ಒಬ್ಬ ಯುವ ರೈತರು ಬಂದರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಬಾಯಲ್ಲಿ ನೊರೆ, ಎದೆಯ ತುಂಬ ಗೊರಗೊರ ಸದ್ದು. ಈ ವಿಷಕ್ಕೆ ಕೊಡುವ ಮದ್ದಾದ ಅಟ್ರೊಪಿನ್‌ನ 0.6 ಮಿಲಿಗ್ರಾಂ ಆಂಪೂಲ್‌ಗಳನ್ನು ಮೊದಲು 3, ಐದು ನಿಮಿಷ ಬಿಟ್ಟು 6, ಆಮೇಲೆ 12 ಎಂದು, ಎದೆ ತಿಳಿಯಾಗಿ ನಾಡಿ 80 ದಾಟುವವರೆಗೆ ಇಮ್ಮಡಿಸುತ್ತಾ ಹೋದೆವು. ಮರುದಿನ ಅವರು ಎದ್ದು ಕೂತು ಗಂಜಿ ಕುಡಿದರು.

ಮೂರನೆಯ ರಾತ್ರಿ ಪಾಳಿ ಬದಲಾಗುವಾಗ ನನಗೆ ಒಪ್ಪಿಸಿದ ಮಾತು “ನಾಲ್ಕನೇ ಬೆಡ್, ಸ್ಟೇಬಲ್” ಎಂಬುದಷ್ಟೇ. ನಾನೂ ಅಷ್ಟಕ್ಕೇ ಒಪ್ಪಿಕೊಂಡೆ. ಮಾನಿಟರಿನಲ್ಲಿ ಆಮ್ಲಜನಕದ ಅಂಕಿ 97 ಇತ್ತು. ನಸುಕಿನ ಮೂರು ಗಂಟೆಗೆ ಅವರ ತಾಯಿ ಬಂದು, “ನೀರು ನುಂಗವಲ್ಲ, ಗೋಣು ಎತ್ತವಲ್ಲ, ನೋಡ್ ಬರ್ರಿ” ಎಂದರು. ದಿಂಬಿನಿಂದ ತಲೆ ಎತ್ತಲು ಹೇಳಿದೆ. ಎರಡು ಬೆರಳಷ್ಟೂ ಏಳಲಿಲ್ಲ. ಎದೆ ತಿಳಿಯಾಗಿಯೇ ಇತ್ತು, ಏಕೆಂದರೆ ಅಟ್ರೊಪಿನ್ ತನ್ನ ಕೆಲಸ ಮಾಡಿತ್ತು; ಆದರೆ ಸ್ನಾಯುಗಳ ಸೋಲಿಗೆ ಅದು ಮದ್ದಲ್ಲ. ವಿಷ ಸೇರಿದ 24ರಿಂದ 96 ಗಂಟೆಗಳ ನಡುವೆ ಮೊದಲು ಕುತ್ತಿಗೆ, ಆಮೇಲೆ ಉಸಿರಾಟದ ಸ್ನಾಯುಗಳು ಕೈಬಿಡುವ ಇಂಟರ್ಮೀಡಿಯೆಟ್ ಸಿಂಡ್ರೋಮ್ ಅದು. ಆಮ್ಲಜನಕ ಪಡೆಯುತ್ತಿರುವ ರೋಗಿಯಲ್ಲಿ ಆ 97 ಇಳಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಕೂಡಲೇ ಕೊಳವೆ ಹಾಕಿ ವೆಂಟಿಲೇಟರ್‌ಗೆ ಸೇರಿಸಿದೆವು. ಹನ್ನೊಂದು ದಿನಗಳ ಬಳಿಕ ಅವರು ತಾವಾಗಿಯೇ ಉಸಿರಾಡಿದರು. ಓದಿನಲ್ಲಿ ನಾನು ಅಂಕ ಪಡೆದಿದ್ದ ಲಕ್ಷಣವನ್ನು ಕಣ್ಣಾರೆ ಕಂಡು ಹೇಳಿದವರು ಆ ತಾಯಿ.

ಆದ್ದರಿಂದ ಪಾಳಿ ಒಪ್ಪಿಸುವಾಗ ‘ಸ್ಟೇಬಲ್’ ಎನ್ನಬೇಡಿ. ತಲೆ ಎತ್ತುತ್ತಾರೆಯೇ, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ, ಎಷ್ಟು ಗಂಟೆಗೆ ನೋಡಿದಿರಿ ಎಂಬುದನ್ನು ಹೇಳಿ. ಹಾವು ಕಚ್ಚಿದವರ ವಿಷಯದಲ್ಲೂ ನನ್ನದು ಅದೇ ಮಾತು: ಗಾಜಿನ ನಳಿಕೆಯಲ್ಲಿ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ಬಂದ ಕೂಡಲೇ ಮಾಡಿದರೆ ಸಾಲದು, ಪ್ರತಿವಿಷ ಕೊಟ್ಟ ಆರು ಗಂಟೆಗೆ ಮತ್ತೆ ಮಾಡಬೇಕು, ಕಟ್ಟುಹಾವಿನ ಕಡಿತವಾದರೆ ರೆಪ್ಪೆ ಜೋತುಬೀಳುತ್ತಿದೆಯೇ ಎಂದು ಮತ್ತೆ ಮತ್ತೆ ನೋಡಬೇಕು.

ಸಮಯ ಮುಗಿಯಿತೆಂದು ಚೀಟಿ ಬಂದಿದೆ. ನಮ್ಮ ಮೇ ತಿಂಗಳ ಬಿಸಿಲಿನ ಬಗ್ಗೆ ಒಂದೇ ಮಾತು: ಮೈ 40 ಡಿಗ್ರಿ ದಾಟಿ ಮಂಕಾಗಿ ಬಂದವರನ್ನು ಮೊದಲು ತಣಿಸಿ, ವರದಿಗಳು ಆಮೇಲೆ ಬರಲಿ. ಹಿರಿಯರಲ್ಲಿ ಒಂದು ಬೇಡಿಕೆಯಿದೆ. ವಿಷದ ರೋಗಿಗಳ ಚಾರ್ಟಿನಲ್ಲಿ ನಾಡಿ, ರಕ್ತದೊತ್ತಡ, ಪಾಪೆಗಳ ಪಕ್ಕದಲ್ಲಿ ‘ತಲೆ ಎತ್ತುವುದು’ ಎಂಬ ಒಂದು ಕಾಲಂ ಮುದ್ರಿಸಿ ಕೊಡಿ. ಅದನ್ನು ಗಂಟೆಗೊಮ್ಮೆ ತುಂಬುವ ಹೊಣೆ ನಮ್ಮದು.