ಮೊದಲು ಊಟ, ಆಮೇಲೆ ಮಾತು

ಪ್ರೀತಿಯ ಸಹೋದರ ಸಹೋದರಿಯರೇ,

ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ ಪೇತ್ರನು ತಾನು ಮೀನು ಹಿಡಿಯಲು ಹೋಗುವುದಾಗಿ ಹೇಳುತ್ತಾನೆ. ಜೊತೆಯಲ್ಲಿದ್ದ ಆರು ಮಂದಿ, ನಾವೂ ಬರುತ್ತೇವೆ ಎಂದು ಎದ್ದು ಹೊರಡುತ್ತಾರೆ. ಗುರುವನ್ನು ಅರಿಯೆನೆಂದು ಮೂರು ಬಾರಿ ಹೇಳಿದವನ ಎದೆಯೊಳಗೆ ಏನು ಕುದಿಯುತ್ತಿತ್ತೆಂಬುದು ಅವರಿಗೆ ತಿಳಿಯದ ಸಂಗತಿಯೇನಲ್ಲ. ಆದರೂ ಯಾರೂ ಅವನಿಗೆ ಬುದ್ಧಿ ಹೇಳಲಿಲ್ಲ. ಸುಮ್ಮನೆ ದೋಣಿ ಹತ್ತಿದರು. ಆ ಆರು ಮಂದಿಯ ಮೇಲೆ ನನಗೆ ವಿಶೇಷ ಅಕ್ಕರೆ.

ನಾನು ಬಲೆ ಬೀಸುವವನಲ್ಲ. ಇಬ್ಬರು ಗೆಳೆಯರೊಂದಿಗೆ ಫ್ಲೈ ಫಿಶಿಂಗ್‌ಗೆ ಹೋಗುವವನು. ಸಾಮಾನ್ಯ ಗಾಳದಲ್ಲಿ ತುದಿಗೆ ಕಟ್ಟಿದ ಗುಂಡಿನ ಭಾರ ದಾರವನ್ನು ಎಳೆದೊಯ್ಯುತ್ತದೆ. ಇದರಲ್ಲಿ ತುದಿಯಲ್ಲಿರುವುದು ಪುಕ್ಕ, ತುಪ್ಪಳ, ನೂಲು ಸುತ್ತಿದ ಸಣ್ಣ ಕೊಕ್ಕೆ. ನೋಡಲು ಹುಳುವಿನಂತಿದ್ದರೂ ಅದಕ್ಕೆ ತೂಕವೆಂಬುದೇ ಇಲ್ಲ. ದಪ್ಪ ದಾರದ ಭಾರವೇ ಅದನ್ನು ಹೊತ್ತೊಯ್ಯಬೇಕು. ಅದಕ್ಕಾಗಿ ದಾರವನ್ನು ಮೊದಲು ಬೆನ್ನ ಹಿಂದಕ್ಕೆ ಬೀಸಿ, ಅದು ಗಾಳಿಯಲ್ಲಿ ಪೂರ್ತಿ ಬಿಚ್ಚಿಕೊಂಡು ನೇರವಾಗುವ ತನಕ ಕೈಯನ್ನು ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಅವಸರ ಮಾಡಿದರೆ ದಾರ ಚಾಟಿಯಂತೆ ಚಟೀರೆಂದು ಸದ್ದು ಮಾಡುತ್ತದೆ, ಕಟ್ಟಿದ ಹುಳು ಕಿತ್ತುಹೋಗುತ್ತದೆ. ಆ ಒಂದು ಕ್ಷಣ ಕೈ ತಡೆಯುವುದನ್ನು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು.

ಈ ವಿದ್ಯೆ ಬಹಳ ಹಳೆಯದು. ಕ್ರಿ.ಶ. 200ರ ಸುಮಾರಿಗೆ ಬರೆದ ರೋಮನ್ ಲೇಖಕ ಏಲಿಯನ್, ಮ್ಯಾಸಿಡೋನಿಯದ ಜನ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಪುಕ್ಕ ಕಟ್ಟಿ ಮೀನು ಹಿಡಿಯುತ್ತಿದ್ದರೆಂದು ವರ್ಣಿಸಿದ್ದಾನೆ. ಅದೇ ಮ್ಯಾಸಿಡೋನಿಯಕ್ಕೆ, ಅದಕ್ಕೂ ಸುಮಾರು ಒಂದೂವರೆ ಶತಮಾನ ಮೊದಲು, ಅಪೊಸ್ತಲ ಪೌಲನು ಬಂದಿದ್ದ. ಅಲ್ಲಿನ ಫಿಲಿಪ್ಪಿ ಪಟ್ಟಣದಲ್ಲಿ, ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ ದಿನ ಅವನು ಊರ ಬಾಗಿಲಿನ ಹೊರಗೆ ನದಿಯ ದಡಕ್ಕೆ ಹೋಗಿ, ಅಲ್ಲಿ ಸೇರಿದ್ದ ಹೆಂಗಸರೊಂದಿಗೆ ಕುಳಿತು ಮಾತನಾಡಿದ. ಆ ಹೆಂಗಸರಲ್ಲಿ ಒಬ್ಬಳಾದ ಲುದ್ಯಳ ಹೃದಯ ತೆರೆದದ್ದು ಆ ದಡದಲ್ಲಿ. ನೀರಿನೊಳಗೆ ಮೊಣಕಾಲುದ್ದ ನಿಂತಾಗ ನನಗೆ ಇದು ಅನೇಕ ಸಲ ನೆನಪಾಗುತ್ತದೆ.

ಭಾನುವಾರದ ಆರಾಧನೆಯಲ್ಲಿ ಒಳ್ಳೆಯವನಾಗಿರುವುದು ನನಗೆ ಕಷ್ಟವೆನಿಸಿಲ್ಲ. ನದಿಯಲ್ಲಿ ಕಷ್ಟ. ಮೀನು ಮೇಲೆದ್ದು ಹುಳು ನುಂಗುತ್ತಿರುವ ಮಡುವೊಂದು ಕಣ್ಣಿಗೆ ಬಿದ್ದಾಗ, ಮೊದಲ ಬೀಸು ಗೆಳೆಯನದಾಗಲಿ ಎಂದು ಹಿಂದೆ ಸರಿಯಲು ಮನಸ್ಸು ಒಪ್ಪುವುದಿಲ್ಲ. ಪ್ರತಿಯೊಬ್ಬನೂ ಪರಹಿತವನ್ನು ಸಹ ನೋಡಬೇಕೆಂದು ಪೌಲನು ಬರೆದದ್ದು ಅದೇ ಫಿಲಿಪ್ಪಿಯವರಿಗೆ. ಆ ಮಾತು ನನ್ನ ಬಾಯಿಗೆ ಎಂದೋ ಬಂದಿತ್ತು, ಕಾಲಿಗೆ ಬಂದದ್ದು ಬಹಳ ತಡವಾಗಿ. ತಪ್ಪಿಸಿಕೊಂಡ ಮೀನಿನ ಉದ್ದ ಹೇಳುವಾಗಲೂ ಅಷ್ಟೇ. ಸುಳ್ಳು ಎಷ್ಟು ಚಿಕ್ಕದಾದರೂ ಸುಳ್ಳೇ.

ಟ್ರೌಟ್ ಮೀನಿನ ಮೈಮೇಲೆ ಲೋಳೆಯ ತೆಳುವಾದ ಹೊದಿಕೆ ಇರುತ್ತದೆ. ಸೋಂಕು ತಗಲದಂತೆ ಕಾಯುವುದು ಅದೇ. ಒಣಗಿದ ಕೈಯಿಂದ ಹಿಡಿದರೆ ಅದು ಕಿತ್ತುಬರುತ್ತದೆ. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವವರು ಮೊದಲು ಕೈ ನೆನೆಸಿಕೊಳ್ಳುತ್ತಾರೆ, ಹಿಮ್ಮುಳ್ಳಿಲ್ಲದ ಕೊಕ್ಕೆ ಬಳಸುತ್ತಾರೆ, ಸಾಧ್ಯವಾದಷ್ಟೂ ಮೀನನ್ನು ನೀರಿನಲ್ಲಿಯೇ ಇಟ್ಟು ಕೊಕ್ಕೆ ಬಿಡಿಸುತ್ತಾರೆ. ನಾನು ಮೀನಿನ ವಿಷಯದಲ್ಲಿ ಈ ಎಚ್ಚರವನ್ನು ಎಂದೂ ಮರೆತವನಲ್ಲ. ಮನುಷ್ಯರ ವಿಷಯದಲ್ಲಿ ಮರೆತೆ.

ನಮ್ಮ ಮೂವರಲ್ಲಿ ಒಬ್ಬ ಹೆಂಡತಿಯನ್ನು ಕಳೆದುಕೊಂಡ. ಮಣ್ಣು ಮಾಡಿ ನಾಲ್ಕು ದಿನವೂ ಆಗಿರಲಿಲ್ಲ, ನಾನು ಅವನ ಮನೆಗೆ ಹೋಗಿ, ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿಯೇ ಆಗುತ್ತದೆ ಎಂಬ ವಚನವನ್ನು ಹೇಳಿದೆ. ವಚನ ಸತ್ಯವೇ, ಅದನ್ನು ಇಂದಿಗೂ ನಂಬುತ್ತೇನೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಆಮೇಲೆ ಎಂಟು ತಿಂಗಳು ನನ್ನ ಫೋನ್ ಎತ್ತಲಿಲ್ಲ.

ಆ ತಿಂಗಳುಗಳಲ್ಲಿ ನಾನು ಮತ್ತೆ ಯೋಹಾನನಿಗೆ ಮರಳಿದೆ. ಇದ್ದಿಲಿನ ಬೆಂಕಿಗೆ ಅಲ್ಲಿ ಬಳಸಿರುವ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ. 18ನೆಯ ಅಧ್ಯಾಯದಲ್ಲಿ, ಪೇತ್ರನು ಚಳಿ ಕಾಯಿಸಿಕೊಳ್ಳುತ್ತಾ ಯೇಸುವನ್ನು ಅರಿಯೆನೆಂದ ಅಂಗಳದಲ್ಲಿ. ಮತ್ತೆ 21ನೆಯ ಅಧ್ಯಾಯದಲ್ಲಿ, ಮರಣದಿಂದ ಎದ್ದುಬಂದ ಯೇಸು ದಡದಲ್ಲಿ ತಾನೇ ಹೊತ್ತಿಸಿಟ್ಟ ಬೆಂಕಿಯ ಬಳಿ. ಬಲೆಯಲ್ಲಿ 153 ಮೀನು ಬಿದ್ದಿದ್ದವು, ಆದರೂ ಕರ್ತನು ಮೊದಲೇ ಕೆಂಡದ ಮೇಲೆ ಮೀನಿಟ್ಟು, ರೊಟ್ಟಿ ಸಿದ್ಧಮಾಡಿಕೊಂಡು ಕಾದಿದ್ದನು. ನನ್ನನ್ನು ಪ್ರೀತಿಸುತ್ತೀಯಾ ಎಂದು ಪೇತ್ರನನ್ನು ಕೇಳಿದ್ದು ಅವರ ಊಟವಾದ ಮೇಲೆ. ರಾತ್ರಿಯಿಡೀ ದಣಿದು, ಒದ್ದೆ ಮೈಯಲ್ಲಿ ದಡಕ್ಕೆ ಬಂದವನನ್ನು ಕರ್ತನು ನಿಲ್ಲಿಸಿ ವಿಚಾರಿಸಲಿಲ್ಲ. ಇಷ್ಟು ವರ್ಷ ಸತ್ಯವೇದ ಓದಿಯೂ ಈ ಅನುಕ್ರಮ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮೂರನೆಯ ಗೆಳೆಯ ಒಂದು ದಿನ ಅವನನ್ನು ನದಿಗೆ ಕರೆತಂದ. ನಾನು ನನ್ನ ಹುಳುಗಳ ಡಬ್ಬಿಯನ್ನು ಅವನ ಕೈಗಿತ್ತು, ಮೇಲಿನ ಮಡುವನ್ನು ಅವನಿಗೆ ಬಿಟ್ಟು ಕೆಳಕ್ಕೆ ನಡೆದೆ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗಲೂ ನಾನು ಬಾಯಿ ತೆರೆಯಲಿಲ್ಲ. ಉಂಡು ಕೈ ತೊಳೆದ ಮೇಲೆ ಅವನು ತಾನಾಗಿಯೇ ಅವಳ ಕೊನೆಯ ರಾತ್ರಿಯ ಬಗ್ಗೆ ಹೇಳತೊಡಗಿದ. ನೆರಳು ನೀರಿನ ಆಚೆ ದಡ ಮುಟ್ಟುವವರೆಗೂ ಹೇಳಿದ. ನಾವಿಬ್ಬರೂ ಕೇಳಿದೆವು.

ಅಂದು ಮೂವರಲ್ಲಿ ಯಾರಿಗೂ ಒಂದು ಮೀನೂ ಸಿಗಲಿಲ್ಲ. ಹಿಂದಿರುಗುವಾಗ ದಾರಿ ಏರಾಗಿತ್ತು. ಅವನು ನನ್ನ ಗಾಳದ ಕೋಲನ್ನೂ ತಾನೇ ತೆಗೆದುಕೊಂಡು ಮುಂದೆ ನಡೆದ.